ಕಣದ ಮೇಲಿನ ಹುಲ್ಲು

ನನ್ನ ಗಂಡನ ಹೆಸರು ಲಿಂಗರಾಜು. ಗಂಡನ ಹೆಸರನ್ನು ಬಾಯಲ್ಲಿ ಹೇಳಬಾರದು ಅಂತ ನಮ್ಮಮ್ಮ ಕಲಿಸಿದ್ದಳು. ಬರೆಯಬಾರದು ಅಂತ ಕಲಿಸಿರಲಿಲ್ಲ. ಅವಳಿಗೆ ಬರೆಯಲು ಬರುತ್ತಿರಲಿಲ್ಲ.

ಅವರು ಹೋಗಿ ವರ್ಷವಾಗುತ್ತಾ ಬಂತು. ಮನೆಗೆ ಬಂದವರೆಲ್ಲ ಒಳ್ಳೆಯ ಮನುಷ್ಯ, ಒಳ್ಳೆಯ ಮನುಷ್ಯ ಅನ್ನುತ್ತಾರೆ. ಬದುಕಿದ್ದಾಗ ಇದೇ ಜನ ಅವರನ್ನು ಹುಲ್ಲುರಾಜು ಅನ್ನುತ್ತಿದ್ದರು. ಎರಡೂ ನಿಜವೇ. ಒಳ್ಳೆಯದನ್ನು ಬಂದವರು ಹೇಳಿಕೊಳ್ಳಲಿ. ನಾನು ಹುಲ್ಲಿನ ವಿಷಯ ಹೇಳುತ್ತೇನೆ.

ನಮ್ಮೂರು ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ದಾರಿಯಲ್ಲಿ ಒಳಕ್ಕೆ ತಿರುಗಿದರೆ ಸಿಗುತ್ತದೆ. ಹೊಗೆಸೊಪ್ಪು, ರಾಗಿ, ಹುರುಳಿ ಬೆಳೆಯುವ ಊರು. ಲಿಂಗರಾಜು ತಮ್ಮ ಆಯುಸ್ಸಿನ ಮುಕ್ಕಾಲು ಪಾಲನ್ನು ಹುಲ್ಲು ಕೀಳುವುದರಲ್ಲಿ ಕಳೆದರು. ಗರಿಕೆ ಕಂಡರೆ ಸೈಕಲ್ ನಿಲ್ಲಿಸಿ ಇಳಿಯುವ ಮನುಷ್ಯ. ಬೇರೆಯವರ ಹೊಲವಾದರೂ ಸರಿ, ಕಿತ್ತು ಬದುವಿಗೆ ಎಸೆದೇ ಮುಂದಕ್ಕೆ ಹೋಗುತ್ತಿದ್ದರು. ಮದುವೆಯಾದ ಹೊಸದರಲ್ಲಿ ನನ್ನನ್ನು ಸಿನಿಮಾಕ್ಕೆ ಅಂತ ಹುಣಸೂರಿಗೆ ಹೊರಡಿಸಿದರು. ದಾರಿಯಲ್ಲಿ ನಮ್ಮ ಹೊಲದೊಳಗೆ ಕೊನ್ನಾರಿ ಹುಲ್ಲು ಕಂಡಿತು. ಇಳಿದರು. ಸಿನಿಮಾ ಮುಗಿಯುವ ಹೊತ್ತಿಗೆ ಕೊನ್ನಾರಿಯೂ ಮುಗಿದಿತ್ತು. ಹೊಸ ಸೀರೆ ಉಟ್ಟುಕೊಂಡು ನಾನೂ ಕಿತ್ತೆ.

ಅಂಥವರು ಕೊನೆಗಾಲದಲ್ಲಿ ಹುಲ್ಲು ಸಾಕಿದರು.

ನಮ್ಮ ಮನೆ ಮುಂದೆ ಕಣ ಇತ್ತು. ನಮ್ಮ ಮಾವ ಮಾಡಿದ್ದು. ನೀರು ಹಾಕಿ, ದನ ತುಳಿಸಿ, ರೋಣಗಲ್ಲು ಉರುಳಿಸಿ, ಸಗಣಿ ಸಾರಿಸಿ, ವರ್ಷ ವರ್ಷವೂ ಅದೇ ಕೆಲಸ. ಕೊನೆಗೆ ಅದು ಮಣ್ಣಾಗಿ ಉಳಿಯಲಿಲ್ಲ, ಚಪ್ಪಡಿಯಾಯಿತು. ಸುಗ್ಗಿಯಲ್ಲಿ ರಾಗಿ ಬಡಿದು ರಾಶಿ ಮಾಡಿ, ರಾಶಿಗೆ ಪೂಜೆ ಮಾಡುತ್ತಿದ್ದ ಜಾಗ. ಅದರ ಮೇಲೆ ಯಾರೂ ಮೆಟ್ಟು ಹಾಕಿಕೊಂಡು ಕಾಲಿಡುವಂತಿರಲಿಲ್ಲ. ಗುದ್ದಲಿಯನ್ನಂತೂ ಸೋಕಿಸುವಂತೆಯೇ ಇರಲಿಲ್ಲ. ಕಣಕ್ಕೆ ಗುದ್ದಲಿ ಬಿದ್ದರೆ ಮನೆಗೆ ಕೇಡು ಅಂತ ಮಾವ ಹೇಳಿ ಸತ್ತಿದ್ದರು. ಅವರು ಹೇಳಿದ್ದರಲ್ಲಿ ಲಿಂಗರಾಜು ನೆನಪಿಟ್ಟುಕೊಂಡಿದ್ದು ಇದೊಂದನ್ನೇ. ಬೀಡಿ ಸೇದಬೇಡ ಅಂತಲೂ ಹೇಳಿದ್ದರು.

ಇಷ್ಟಕ್ಕೆಲ್ಲ ಕಾರಣ ನಮ್ಮ ಬೀಗರು. ಮಗಳು ಪವಿತ್ರಳನ್ನು ಮೈಸೂರಿಗೆ ಕೊಟ್ಟೆವು. ಅವಳ ಮಾವ ರೇಣುಕಾಪ್ರಸಾದ್. ರಿಟೈರ್ಡ್. ಯಾವುದರಿಂದ ರಿಟೈರ್ಡ್ ಅಂತ ಹೇಳಿದ್ದರು, ಮರೆತೆ. ಈಗ ರಿಟೈರ್ಡ್ ಆಗಿರುವುದೇ ಅವರ ಕೆಲಸ. ಬೆಳಿಗ್ಗೆಯಿಂದ ಸಂಜೆವರೆಗೆ ಅದನ್ನು ತಪ್ಪದೆ ಮಾಡುತ್ತಾರೆ.

ಮದುವೆಯಾದ ಮೇಲೆ ಮೊದಲ ಸಲ ಅವರ ಮನೆಗೆ ಹೋದೆವು. ಗೇಟಿನ ಒಳಗೆ ಎರಡು ಚಾಪೆ ಅಗಲ ಹುಲ್ಲು ಇತ್ತು. ಸುತ್ತ ಇಟ್ಟಿಗೆ ನಿಲ್ಲಿಸಿ ಬಿಳಿ ಬಣ್ಣ ಬಳಿದಿದ್ದರು. ಕಾಫಿಗೂ ಮೊದಲು ಅದನ್ನು ತೋರಿಸಿದರು.

“ಚಪ್ಪಲಿ ಬಿಟ್ಟು ಬನ್ನಿ ಬೀಗ್ರೆ. ಬರಿಗಾಲಲ್ಲಿ ನಡೀರಿ. ಬಿಪಿ ಇಳಿಯುತ್ತೆ.”

ಲಿಂಗರಾಜು ಹುಟ್ಟಿದಾಗಿನಿಂದ ಬರಿಗಾಲಲ್ಲೇ ನಡೆದವರು. ಚಪ್ಪಲಿ ಹಾಕಿದ್ದೇ ಬೀಗರ ಮನೆಗೆ ಬರುವುದಕ್ಕೆ. ಆದರೂ ಬಿಟ್ಟರು. ಆ ಕಡೆ ಹೋದರು, ಈ ಕಡೆ ಬಂದರು.

“ಹೇಗಿದೆ?”

“ಚೆನ್ನಾಗದೆ.”

“ನೋಡಿ, ನಿಮ್ಮ ಕಡೆ ಹುಲ್ಲು ಅಂದ್ರೆ ದನಕ್ಕೆ ಹಾಕೋದು, ಅಷ್ಟೇ. ಲಾನ್ ಸಾಕೋಕೆ ಒಂದು ಕಲ್ಚರ್ ಬೇಕು. ಇದು ಎಲ್ರಿಗೂ ಆಗಿಬರಲ್ಲ” ಅಂದು ಬೀಗರು ನಕ್ಕರು. ನಗುತ್ತಾ ಹೇಳಿದ್ದನ್ನು ಬೈಗುಳ ಅನ್ನುವಂತಿಲ್ಲ. ಹೆಣ್ಣು ಕೊಟ್ಟವರು ನಾವೂ ನಗಬೇಕು. ನಕ್ಕೆವು.

ವಾಪಸ್ಸು ಬಸ್ಸಿನಲ್ಲಿ ಕೇಳಿದೆ, “ಕಾಲಿಗೆ ಮೆತ್ತಗಿತ್ತಾ?”

“ಏನೂ ಗೊತ್ತಾಗ್ನಿಲ್ಲ ಕಣಮ್ಮಿ. ನನ್ ಹಿಮ್ಮಡಿ ಸತ್ತು ಯಾವ್ ಕಾಲ ಆಯ್ತು.”

ಬಿಳಿಕೆರೆ ದಾಟಿದ ಮೇಲೆ ಅಂದರು, “ನಮ್ಮನೆ ಮುಂದ್ಕೂ ಹಾಕುಸ್ತೀನಿ. ಆ ಯಪ್ಪ ಬಂದು ಅದ್ರ ಮ್ಯಾಲೆ ನಿಂತ್ಕಬೇಕು. ನಿಂತ್ಕಂಡು ಬಾಯಿ ಮುಚ್ಕಬೇಕು.”

ಅಷ್ಟೇ ಅವರಿಗೆ ಬೇಕಾಗಿದ್ದದ್ದು. ಒಂದು ಬಾಯಿ ಮುಚ್ಚಿಸುವುದಕ್ಕೆ ಒಂದು ಕಣ ಮುಚ್ಚಿದರು.

ಪಿರಿಯಾಪಟ್ಟಣದ ಆಚೆಯ ಕೊಪ್ಪದ ಹತ್ತಿರದ ಒಂದು ನರ್ಸರಿಯಿಂದ ಹುಲ್ಲು ಬಂತು. ಚಾಪೆ ಸುತ್ತಿದ ಹಾಗೆ ಸುರುಳಿ ಸುತ್ತಿ ಗೂಡ್ಸ್ ಆಟೋದಲ್ಲಿ ತುಂಬಿದ್ದರು. ಊರವರೆಲ್ಲ ನೋಡಲು ಬಂದರು. ದುಡ್ಡು ಕೊಟ್ಟು ಹುಲ್ಲು ತಂದವನನ್ನು ನೋಡಲು ಜನ ಬಾರದೆ ಇರುತ್ತಾರೆಯೇ? ನರ್ಸರಿಯವನು ಹೋಗುವಾಗ ಸರಿಯಾಗಿಯೇ ಹೇಳಿದ. ನೆಲವನ್ನು ಒಂದು ಗೇಣು ಆಳಕ್ಕೆ ಅಗೆಯಿರಿ, ಹೆಂಟೆ ಒಡೆಯಿರಿ, ಮರಳು ಗೊಬ್ಬರ ಬೆರೆಸಿ, ಆಮೇಲೆ ಹಾಸಿ ಅಂದ. ಲಿಂಗರಾಜು ಎಲ್ಲಕ್ಕೂ ತಲೆಯಾಡಿಸಿದರು. ಅವನ ಆಟೋ ಮರೆಯಾದ ಮೇಲೆ ಕಣದ ಮೇಲೆ ಎರಡು ಬೆರಳು ದಪ್ಪ ಕೆಮ್ಮಣ್ಣು ಚೆಲ್ಲಿ, ಅದರ ಮೇಲೆ ಹುಲ್ಲು ಹಾಸಿ, ಅಪ್ಪನ ಕಾಲದ ರೋಣಗಲ್ಲು ಉರುಳಿಸಿದರು.

“ಅಗೀರಿ ಅಂದ್ನಲ್ಲ ಅವ್ನು?” ಅಂದೆ.

“ಅಪ್ಪನ ಕಣಕ್ಕೆ ಗುದ್ಲಿ ಹಾಕ್ಲಾ? ಮನೆಗೆ ಆಗ್ಬರಕಿಲ್ಲ.”

“ಅಪ್ಪನ ಕಣದ್ ಮ್ಯಾಲೆ ಹುಲ್ಲು ಹಾಸ್ಬೋದಾ?”

“ಹುಲ್ಲು ಮ್ಯಾಲದೆ. ಕಣ ಕೆಳಗೆ ಅಂಗೇ ಅದೆ. ಅಪ್ಪಂಗೇನ್ ಗೊತ್ತಾದದು, ಬುಡು.”

ಮೊದಲ ತಿಂಗಳು ಹಸಿರಾಗಿಯೇ ಇತ್ತು. ಆಗ ಶುರುವಾಯಿತು ಕಾವಲು. ಜಗುಲಿಯ ಮೇಲೆ ಕುರ್ಚಿ ಹಾಕಿಕೊಂಡು, ಕೋಲು ಹಿಡಿದು ಕೂತರು. ಕೋಳಿ ಬಂದರೆ “ಉಶ್”. ಮನುಷ್ಯರು ಬಂದರೆ “ಯಾರ್ಲಾ ಅದು, ಹುಲ್ ಮ್ಯಾಲೆ!” ಪಕ್ಕದ ಮನೆ ಕುಳ್ಳಮ್ಮ ಮದುವೆಯಾಗಿ ಬಂದಾಗಿನಿಂದ ನಮ್ಮ ಕಣ ದಾಟಿಯೇ ನೀರಿಗೆ ಹೋಗುತ್ತಿದ್ದವಳು. ಈಗ ಬೇಲಿ ಸುತ್ತಿ ಹೋಗಬೇಕಾಯಿತು.

“ಏನ್ ಬಂಗಾರ ಬೆಳ್ದಿದ್ದೀರಾ ಲಿಂಗರಾಜಣ್ಣ? ನಿಮ್ ಹೊಗೆಸೊಪ್ಪಿಗೂ ಇಂಗೆ ಕಾದೋರಲ್ಲ” ಅನ್ನುತ್ತಿದ್ದಳು.

“ಹೊಗೆಸೊಪ್ ಮ್ಯಾಲೆ ನೀನು ನಡೀತಿರ್ನಿಲ್ಲ ಕಣಮ್ಮಿ” ಅನ್ನುತ್ತಿದ್ದರು ಇವರು.

ನಮ್ಮ ಹಸು ರಾಣಿಗೆ ಎಲ್ಲರಿಗಿಂತ ಹೆಚ್ಚು ಅನ್ಯಾಯವಾಯಿತು. ಕೊಟ್ಟಿಗೆಯಲ್ಲಿ ನಿಂತರೆ ಅವಳಿಗೆ ಈ ಹುಲ್ಲು ನೇರ ಕಾಣುತ್ತಿತ್ತು. ಕತ್ತು ಚಾಚಿ ಕೂಗುವಳು. ಅದಕ್ಕೆ ಅವಳ ಮುಖ ಗೋಡೆ ಕಡೆ ಮಾಡಿ ಕಟ್ಟಿದರು. ಕತ್ತರಿಸಿದ ಹುಲ್ಲನ್ನಾದರೂ ಅವಳಿಗೆ ಹಾಕಬಹುದಲ್ಲ? ಅದನ್ನು ತಿಪ್ಪೆಗೆ ಎಸೆದು, ಅವಳಿಗೆ ಒಣ ಹುಲ್ಲು ಹಾಕಿದರು.

“ತಿಪ್ಪೆಗೆ ಯಾಕ್ರೀ?”

“ದನ ತಿಂದ್ರೆ ಬೀಗ್ರು ಹೇಳ್ದಂಗೇ ಆಯ್ತಲ್ಲ ಕಣಮ್ಮಿ.”

ನಾನು ರಾಣಿಯ ಬೆನ್ನು ಸವರಿ ಒಳಗೆ ಹೋದೆ.

ಮಳೆ ಹಿಂದಾದ ಮೇಲೆ ಹುಲ್ಲು ಹಳದಿಯಾಯಿತು. ಒಂದು ಮೂಲೆಯನ್ನು ಕೈಯಲ್ಲಿ ಎತ್ತಿದೆ. ಒಣಗಿದ ಕಂಬಳಿಯ ಹಾಗೆ ಎದ್ದು ಬಂತು. ಬೇರು ಎರಡು ಬೆರಳು ಇಳಿದು, ಕಣ ಸಿಕ್ಕಿ, ಅಡ್ಡಕ್ಕೆ ತಿರುಗಿಕೊಂಡಿತ್ತು. ಅವರಿಗೆ ತೋರಿಸಿದೆ. ನೋಡಿದರು. ಬಿಡು, ಗೊಬ್ಬರ ಸಾಲದು ಅಂದರು.

ಹೊಗೆಸೊಪ್ಪಿಗೆ ಹಾಕುವ ಹಾಗೆ ಯೂರಿಯಾ ಎರಚಿದರು. ಮುಷ್ಟಿ ಬಿದ್ದ ಕಡೆಯಲ್ಲೆಲ್ಲ ಸುಟ್ಟಿತು. ಸುಟ್ಟಿದ್ದಕ್ಕೆ ನೀರು ಬಿಟ್ಟರು, ಬೆಳಿಗ್ಗೆಯೂ ಸಂಜೆಯೂ. ನೀರು ಇಂಗದೆ ನಿಂತು ಪಾಚಿ ಕಟ್ಟಿತು. ಪಾಚಿಗೆ ಹಸಿ ಗೊಬ್ಬರ ಸುರಿದರು. ಗೊಬ್ಬರದಿಂದ ರಾಗಿ ಬಂತು, ದಂಟಿನ ಸೊಪ್ಪು ಬಂತು, ಕೊನ್ನಾರಿ ಬಂತು. ರಾಗಿ ಕಿತ್ತು ಹುಲ್ಲು ಉಳಿಸುವ ರೈತನನ್ನು ನಮ್ಮೂರು ಆ ವರ್ಷ ಮೊದಲು ಕಂಡಿತು.

ಊರಿನಲ್ಲಿ ಎಲ್ಲರೂ ಡಾಕ್ಟರಾದರು. ಒಬ್ಬ ಉಪ್ಪು ಅಂದ, ಒಬ್ಬ ಸುಣ್ಣ ಅಂದ. ನನ್ನ ಮೈದುನ ಶಿವಶಂಕರ ಮಾತ್ರ, “ಇದು ದೃಷ್ಟಿ ಕಣಣ್ಣ, ಊರ್ ಕಣ್ಣೆಲ್ಲ ಇದ್ರ ಮ್ಯಾಲೇ ಅದೆ” ಅಂದು ಹುಣಸೂರಿಗೆ ಹೋಗಿ ದೃಷ್ಟಿ ಬೊಂಬೆ ತಂದು ನೆಟ್ಟ. ನಾಲಿಗೆ ಚಾಚಿಕೊಂಡು ಆ ಬೊಂಬೆ ಸತ್ತ ಹುಲ್ಲನ್ನು ಕಾಯುತ್ತಾ ನಿಂತಿತು. ರಾಗಿ ಬಡಿಯಲು ಕಣ ಇಲ್ಲದೆ ನಾವು ತೆನೆಯನ್ನು ರೋಡಿಗೆ ಹಾಸಿದೆವು. ಬಸ್ಸಿನವರು, ಲಾರಿಯವರು ನಮ್ಮ ರಾಗಿ ತುಳಿದುಕೊಟ್ಟರು. ಜೊತೆಗೆ ಬೈದೂ ಕೊಟ್ಟರು.

ಬೀಗರು ದೀಪಾವಳಿಗೆ ಬರುತ್ತೇವೆ ಅಂದರು. ಇವರು ಫೋನಿನಲ್ಲಿ, “ಮುಂದಿನ್ ತಿಂಗ್ಳು ಬನ್ನಿ ಬೀಗ್ರೆ, ಈಗ ಒಸಿ ಕೆಲ್ಸ” ಅಂದರು. ಸಂಕ್ರಾಂತಿಗೆ ಬರುತ್ತೇವೆ ಅಂದರು. ಆಗಲೂ ಅದೇ ಉತ್ತರ. ಪವಿತ್ರ ನನ್ನ ಮೇಲೆ ರೇಗಿದಳು.

“ಅಪ್ಪ ನಮ್ಮ ಮಾವನ್ನ ಬರಬೇಡಿ ಅಂತಿದ್ದಾರಲ್ಲಮ್ಮ. ಇಲ್ಲಿ ನಾನು ಏನಂತ ಹೇಳ್ಲಿ?”

“ಹುಲ್ಲು ಹಸ್ರಾಗಿಲ್ಲ ಅಂತ ಹೇಳು.”

ಅವಳು ಫೋನ್ ಇಟ್ಟಳು.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ನೀರು ಬಿಡುತ್ತಿದ್ದವರು, ಎದೆ ಹಿಡಿದ ಹಾಗಾಗುತ್ತದೆ ಅಂದು ಜಗುಲಿಯ ಮೇಲೆ ಕೂತರು. ಶಿವಶಂಕರ ಯಾರದೋ ಕಾರು ತಂದ. ಹುಣಸೂರು ಮುಟ್ಟಲಿಲ್ಲ. ವಾಪಸ್ಸು ಬಂದಾಗ ಪೈಪಿನಲ್ಲಿ ನೀರು ಇನ್ನೂ ಹರಿಯುತ್ತಿತ್ತು. ಹೋಗಿ ನಿಲ್ಲಿಸಿದೆ.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಮೈ ತೊಳೆದು, ವಿಭೂತಿ ಬಳಿದು, ಹೂವಿನ ಹಾರ ಹಾಕಿ, ಜಗುಲಿಯ ಮೇಲೆ ಗೋಡೆಗೆ ಒರಗಿಸಿ ಕೂರಿಸಿದರು. ದಿನಾ ಕೂರುತ್ತಿದ್ದ ಜಾಗ. ಮುಖ ಹುಲ್ಲಿನ ಕಡೆಗೆ.

ಊರೇ ಬಂತು. ಬಂದವರೆಲ್ಲ ಹುಲ್ಲಿನ ಅಂಚಿನಲ್ಲಿ ನಿಂತುಬಿಟ್ಟರು. ಹಾರ ಕೈಯಲ್ಲಿದೆ, ಅಳು ಬಾಯಲ್ಲಿದೆ, ಕಾಲು ಮಾತ್ರ ಮುಂದಕ್ಕೆ ಬರುತ್ತಿಲ್ಲ. ಹಿಂದೆ ಬಂದವರು ಮುಂದಿನವರನ್ನು ನೂಕುತ್ತಾರೆ, ಮುಂದಿನವರು ತುದಿಗಾಲಲ್ಲಿ ನಿಂತು ತಡೆಯುತ್ತಾರೆ. ಕುಳ್ಳಮ್ಮ ಅಲ್ಲಿಂದಲೇ ಕೂಗಿದಳು.

“ಭದ್ರಕ್ಕಾ, ಎಂಗ್ ಬರ್ಲಿ? ನೋಡ್ತಾವ್ರಲ್ಲ!”

ನನಗೆ ನಗು ಬಂತು. ಅಳುತ್ತಿದ್ದವಳು ನಕ್ಕೆ. ಇವಳಿಗೆ ತಲೆ ಕೆಟ್ಟಿತು ಅಂತ ಯಾರೋ ಅಂದರು.

“ಬನ್ರೋ” ಅಂದೆ. “ಇನ್ನ ಬೈಯಕಿಲ್ಲ.”

ಬಂದರು. ಸಂಜೆ ಹೊಲದಲ್ಲಿ ಮಣ್ಣು ಕೊಟ್ಟು ಬಂದಾಗ ಹುಲ್ಲಿಗೂ ಮಣ್ಣು ಕೊಟ್ಟ ಹಾಗೇ ಆಗಿತ್ತು.

ಹೋದವರ ಹೆಸರಿನಲ್ಲಿ ಊರಿಗೆ ಊಟ ಹಾಕುವ ಶಿವಗಣಾರಾಧನೆಗೆ ಹೊಸ ಅಗ್ರಹಾರದಿಂದ ಅಡುಗೆಯವರು ಬಂದರು. ಇಷ್ಟು ಜನಕ್ಕೆ ಗ್ಯಾಸು ಸಾಲದು, ಉದ್ದ ಒಲೆ ತೋಡಬೇಕು ಅಂದರು. ಮನೆ ಹಿಂದೆ ಜಾಗವಿಲ್ಲ. ಇದ್ದದ್ದು ಕಣ ಒಂದೇ. ಶಿವಶಂಕರ ನನ್ನ ಹತ್ತಿರ ಬಂದು ಪಿಸುಗುಟ್ಟಿದ.

“ಅತ್ಗೆ, ಕಣಕ್ಕೆ ಗುದ್ಲಿ ಹಾಕುದ್ರೆ ಮನೆಗೆ ಕೇಡು ಅಂತಿದ್ದ ಅಣ್ಣ.”

“ಕೇಡು ಬಂದ್ ಹೋಯ್ತಲ್ಲ ಶಿವಶಂಕ್ರ. ಅಗಿಸು.”

ಹಾರೆ ಹಾಕಿ ಬಿಡಿಸಿದರು. ಒಂದೊಂದು ಹೆಂಟೆ ಏಳುವಾಗಲೂ ಕಲ್ಲು ಒಡೆದ ಸದ್ದು. ಎರಡು ಉದ್ದ ಒಲೆ ತೋಡಿ, ಅನ್ನ, ಸಾರು, ಪಾಯಸ ಬೇಯಿಸಿದರು. ಗಂಜಿಯನ್ನು ಅಲ್ಲೇ ಸುರಿದರು. ಎಲ್ಲ ಮುಗಿದ ಮೇಲೆ ಬೂದಿಯ ಮೇಲೆ ಅಗೆದ ಮಣ್ಣನ್ನೂ ಅದರಲ್ಲಿದ್ದ ಹುಲ್ಲಿನ ಬೇರನ್ನೂ ಎಳೆದು ಹೋದರು.

ಬೀಗರು ಊಟಕ್ಕೆ ಬಂದಿದ್ದರು. ಬಾಗಿಲ ಹಿಂದೆ ಕೂತಿದ್ದ ನನಗೆ ಅವರು ಹೊರಗೆ ಕೈ ತೊಳೆಯುತ್ತಾ ಯಾರಿಗೋ ಹೇಳುವುದು ಕೇಳಿಸಿತು.

“ಪಾಪ, ಆಸೆಪಟ್ಟಿದ್ರು. ನಾನು ಆವತ್ತೇ ಹೇಳಿದ್ದೆ, ಲಾನ್ ಎಲ್ರಿಗೂ ಆಗಿಬರಲ್ಲ ಅಂತ.”

ಸತ್ತವರ ಅನ್ನ ಉಂಡ ಕೈ ಇನ್ನೂ ಒದ್ದೆಯಾಗಿತ್ತು.

ಆಮೇಲೆ ನಾನು ಮನೆ ಮುಂದಕ್ಕೆ ಹೋಗುವುದನ್ನೇ ಬಿಟ್ಟೆ. ಹಿತ್ತಲ ಬಾಗಿಲಲ್ಲೇ ಓಡಾಡಿದೆ. ಬೇಸಿಗೆಯ ಮೊದಲ ಮಳೆಗಳು ಬಿದ್ದವು. ಒಂದು ಬೆಳಿಗ್ಗೆ ಕುಳ್ಳಮ್ಮ ಬಂದು ಕೈ ಹಿಡಿದು ಎಳೆದಳು.

“ಬಾ ಇಲ್ಲಿ ಭದ್ರಕ್ಕ, ಒಸಿ ನೋಡು.”

ಕಣವೆಲ್ಲ ಒಣಗಿ ಬೂದು ಬಣ್ಣವಾಗಿತ್ತು. ನಡುವೆ ಎರಡು ಉದ್ದನೆಯ ಹಸಿರು ಪಟ್ಟಿ. ದಟ್ಟ ಹಸಿರು. ಬೆರಳು ತೂರಿಸಿದರೆ ಮಣ್ಣು ಸಿಗದಷ್ಟು ಒತ್ತಾಗಿ ಬಂದಿತ್ತು. ಒಲೆ ತೋಡಿದ್ದ ಜಾಗ. ಒಲೆಯ ಅಳತೆಗೆ ಸರಿಯಾಗಿ ಬಂದಿತ್ತು.

“ಬದ್ಕಿದ್ದಾಗ ಒಂದ್ ಎಸಳು ನೆಟ್ಟಗೆ ಬರ್ನಿಲ್ಲ. ಈಗ ನೋಡವ್ವ” ಅಂದಳು ಕುಳ್ಳಮ್ಮ.

ನಾನು ಕೂತು ಒಂದು ಎಸಳು ಎಳೆದೆ. ಬರಲಿಲ್ಲ. ಬೇರು ಇಳಿದಿತ್ತು. ಹುಲ್ಲಿಗೆ ಬೇಕಾಗಿದ್ದದ್ದು ಯೂರಿಯಾ ಅಲ್ಲ, ಬೊಂಬೆ ಅಲ್ಲ, ಗುದ್ದಲಿ. ಇದ್ದಾಗ ಬೀಳಲು ಬಿಡಲಿಲ್ಲ. ಸತ್ತು ಬೀಳಿಸಿಕೊಂಡರು. ಹೆಂಡತಿ ಹೇಳಿದ್ದನ್ನು ಕೇಳುವುದಕ್ಕೆ ಇಷ್ಟು ದೂರ ಹೋಗಬೇಕಾಗಿರಲಿಲ್ಲ.

ಅಷ್ಟರಲ್ಲಿ ಪವಿತ್ರ ಬಸುರಿ. ಬಾಣಂತನ ಇಲ್ಲೇ, ನಾಮಕರಣವೂ ಇಲ್ಲೇ ಅಂತ ಮಾತಾಯಿತು. ನಾಮಕರಣಕ್ಕೆ ಬೀಗರು ಬರಲೇಬೇಕು. ಈ ಸಲ ಮುಂದಿನ ತಿಂಗಳು ಬನ್ನಿ ಅನ್ನುವವರು ಇಲ್ಲ. ಅವರು ಬಂದು ಅದರ ಮೇಲೆ ನಿಂತುಕೊಳ್ಳಬೇಕು ಅಂತ ನನಗೂ ಅನ್ನಿಸಿತು. ಅಲ್ಲಿಯವರೆಗೆ ಆ ಹುಚ್ಚು ನನ್ನ ಗಂಡನದಾಗಿತ್ತು. ಈಗ ಹೊಲದ ಜೊತೆಗೆ ಅದೂ ನನ್ನ ಪಾಲಿಗೆ ಬಂತು.

ಮಾವನ ಹೆಸರು ಹೇಳಿ ಒಂದು ತೆಂಗಿನಕಾಯಿ ಒಡೆದೆ. ಕಣವನ್ನೆಲ್ಲ ಅಗೆಸಿದೆ. ಹೆಂಟೆಗಳಿಗೆ ನೀರು ಕುಡಿಸಿ, ಒಡೆದು, ಕೊನ್ನಾರಿಯ ಗಡ್ಡೆಗಳನ್ನು ಒಂದೊಂದಾಗಿ ಆರಿಸಿದೆ. ಆ ಕೆಲಸ ಮದುವೆಯಾದ ಹೊಸದರಲ್ಲೇ ಕಲಿತಿದ್ದೆ. ಹಳೆಯ ಗೊಬ್ಬರವನ್ನು ಜರಡಿ ಹಿಡಿದು, ಮರಳಿನ ಜೊತೆ ಬೆರೆಸಿದೆ. ನೀರು ನಿಲ್ಲದ ಹಾಗೆ ರೋಡಿನ ಕಡೆಗೆ ಸ್ವಲ್ಪ ಇಳಿಜಾರು ಕೊಟ್ಟೆ. ಅಂಗಡಿಯಿಂದ ಏನೂ ತರಲಿಲ್ಲ. ಒಲೆಯ ಮೇಲೆ ಬಂದಿದ್ದ ಹುಲ್ಲನ್ನೇ ಕಿತ್ತು, ಎಸಳು ಎಸಳು ಬಿಡಿಸಿ, ನಾನೂ ಕುಳ್ಳಮ್ಮನೂ ಸಾಲಾಗಿ ನೆಟ್ಟೆವು.

“ಹುಲ್ಲಿಗೂ ನಾಟಿ ಮಾಡೋ ಕಾಲ ಬಂತಲ್ಲವ್ವ” ಅಂದಳು. “ನಾಳೆ ಇದ್ರಲ್ಲಿ ರಾಗಿ ಹುಟ್ಟುದ್ರೆ ಕಳೆ ಅಂತ ಕೀಳ್ಬೇಕಾ?”

“ಕೀಳ್ಬೇಕು. ಬಾಯ್ ಮುಚ್ಕಂಡ್ ನೆಡು.”

“ಆ ಬೊಂಬೆ?”

“ಅದ್ನ ಶಿವಶಂಕ್ರನ ಮನೆ ಮುಂದೆ ನೆಟ್ ಬಾ.”

ಬೇರು ಹಿಡಿಯುವವರೆಗೆ ದಿನಾ ಬೆಳಿಗ್ಗೆ ನೀರು ಚಿಮುಕಿಸಿದೆ. ಹಿಡಿದ ಮೇಲೆ ಅಪರೂಪಕ್ಕೆ, ಆದರೆ ಆಳಕ್ಕೆ ಇಳಿಯುವ ಹಾಗೆ ಬಿಟ್ಟೆ. ಒಂದು ಬೆರಳು ಎತ್ತರ ಉಳಿಸಿ ಕುಡುಗೋಲಿನಲ್ಲಿ ಕುಯ್ದೆ. ತಲೆ ಬೋಳಿಸಿದ ಹಾಗೆ ಕುಯ್ದರೆ ಬುಡ ಬಿಸಿಲಿಗೆ ಸುಡುತ್ತದೆ. ಅದೂ ಅವರು ಮಾಡಿದ್ದೇ, ನೋಡಿದ್ದೆ. ಕುಯ್ದಷ್ಟನ್ನೂ ರಾಣಿಗೆ ಹಾಕಿದೆ. ಅವಳ ಮುಖ ಈ ಕಡೆಗೆ ತಿರುಗಿಸಿ ಕಟ್ಟಿದೆ.

ಪವಿತ್ರಳಿಗೆ ಹೆಣ್ಣು ಮಗು. ನಾಮಕರಣದ ದಿನ ಬೀಗರ ಕಾರು ಬಂತು. ಇಳಿದರು. ಬೂಟು, ಕಪ್ಪು ಕನ್ನಡಕ. ನಾನು ಜಗುಲಿಯಿಂದ ಇಳಿದು ಹೋಗಿ, ಹುಲ್ಲಿನ ಈಚೆ ನಿಂತೆ.

“ಅರೆ!” ಅಂದರು. “ಯಾರಿಗೆ ಕಂಟ್ರಾಕ್ಟ್ ಕೊಟ್ರಿ ಇದನ್ನ?”

“ನಿಮ್ ಬೀಗ್ರಿಗೆ.”

ನನ್ನ ಮುಖವನ್ನೇ ನೋಡಿದರು. ಏನೂ ಸಿಗಲಿಲ್ಲ. ಕಾಲು ಮುಂದಿಟ್ಟರು.

“ಬೂಟು ಬಿಡಿ ಬೀಗ್ರೆ.”

“ಹಾಂ ಹಾಂ, ಬರಿಗಾಲು. ಬಿಪಿಗೆ ಒಳ್ಳೇದು.”

“ಬಿಪಿಗಲ್ಲ. ಅದು ನಮ್ ಮಾವನೋರ ಕಣ. ಅದ್ರ ಮ್ಯಾಲೆ ಮೆಟ್ಟು ಹಾಕ್ಕಂಡು ಯಾರೂ ನಿಂತೋರಲ್ಲ. ಇನ್ನೊಂದು, ಅದು ನಮ್ ರಾಣಿ ತಿನ್ನೋ ತಟ್ಟೆ.”

“ಇಂಥ ಹುಲ್ಲನ್ನ ದನಕ್ಕೆ ಹಾಕ್ತೀರಾ?”

“ಇನ್ಯಾರಿಗೆ ಹಾಕ್ಲಿ? ನಿಮಗೆ ಬೇಕಾ?”

ಕುಳ್ಳಮ್ಮ ಸೆರಗು ಬಾಯಿಗೆ ತುರುಕಿಕೊಂಡಳು. ಒಳಗಿನಿಂದ ಪವಿತ್ರ “ಅಮ್ಮಾ!” ಅಂತ ಕೂಗಿದಳು. ಬೀಗರು ಕಾರಿಗೆ ಕೈ ಕೊಟ್ಟು, ಒಂಟಿ ಕಾಲಲ್ಲಿ ಕುಂಟುತ್ತಾ ಬೂಟು ಬಿಚ್ಚಿದರು. ಕಾಲುಚೀಲದಲ್ಲಿ ಹೆಬ್ಬೆರಳು ಹೊರಗೆ ಬಂದಿತ್ತು. ಅದನ್ನೂ ಬಿಚ್ಚಿದರು.

ನಡೆದರು. ನಡುವಿಗೆ ಬಂದು, ಉದ್ದ ಒಲೆ ಇದ್ದ ಜಾಗದಲ್ಲಿ ನಿಂತರು. ಹೆಬ್ಬೆರಳಿನಿಂದ ಒತ್ತಿ ನೋಡಿದರು. ಬಗ್ಗಿ, ಎಳೆದು ನೋಡಿದರು. ಬರಲಿಲ್ಲ. ತಪ್ಪು ಹುಡುಕಲು ಸುತ್ತ ಕಣ್ಣಾಡಿಸಿದರು. ಬಾಯಿ ತೆರೆದರು.

ಮುಚ್ಚಿದರು.

ನಾನು ತಕ್ಷಣ ಜಗುಲಿಯ ಕಡೆ ತಿರುಗಿದೆ, ನೋಡ್ರೀ ಅನ್ನುವುದಕ್ಕೆ. ಕುರ್ಚಿಯ ಮೇಲೆ ನೆಂಟರದ್ದು ಯಾರದೋ ಬ್ಯಾಗು ಕೂತಿತ್ತು.

“ಯಾರ್ದು ಈ ಬ್ಯಾಗು? ತಗೀರಿ” ಅಂದೆ.